ಬಿಳಿ ಹಾಳೆಯ ಪಕ್ಕದ ಹೂ

ಮೇ ೧೧

ಅಕ್ಕ,

ಹೋದ ವರ್ಷ ಅಮ್ಮ ತೀರಿಕೊಂಡ ನಾಲ್ಕನೆಯ ದಿನ ನೀನು ಹೊರಟಾಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ. "ಇನ್ಮೇಲೆ ನಂಗೆ ಫೋನ್ ಮಾಡ್ಬೇಡ. ಫೋನಲ್ಲಿ ನಿನ್ನ ದನಿ ಕೇಳಿದ್ರೆ ನಂಬಿಬಿಡ್ತೀನಿ. ಏನಾದ್ರೂ ಇದ್ರೆ ಬರೆದು ಕಳಿಸು." ಬರೆಯಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ಎಷ್ಟೋ ಸಲ ಶುರು ಮಾಡಿ ಹರಿದೆ ಎಂದರೆ ನೀನು ನಂಬಲಿಕ್ಕಿಲ್ಲ. ನಂಬಬೇಕೆಂದೂ ಇಲ್ಲ.

ವಿಷಯ ಇಷ್ಟು. ಸೆಪ್ಟೆಂಬರ್ ಕೊನೆಗೆ ಈ ಮನೆ ಬಿಡಬೇಕು. ಓನರಮ್ಮ ಹೋದ ವಾರ ಬಂದು, ಕುರ್ಚಿಯ ತುದಿಯಲ್ಲಿ ಕೂತು, ತಾವೇ ಬಾಡಿಗೆಗಿರುವವರ ಹಾಗೆ ಸಂಕೋಚಪಟ್ಟರು. "ನಿಮ್ಮನ್ನ ಹೊರಗೆ ಹಾಕ್ತಿದೀನಿ ಅನ್ಕೋಬೇಡಿ. ನಲವತ್ತೊಂದು ವರ್ಷ ಇದ್ದವರು. ಮಗಳು ಕೆಡವಿ ಕಟ್ಟಿಸ್ತೀನಿ ಅಂತ ಹಟ ಹಿಡಿದಿದಾಳೆ. ನನ್ನ ಮಾತು ಯಾರು ಕೇಳ್ತಾರೆ?" ನಾನು ಅಂಗಳದ ಗಿಡದ ಬಗ್ಗೆ ಕೇಳಿದೆ. "ಅದು ನಿಮ್ಮಮ್ಮ ನೆಟ್ಟಿದ್ದಲ್ವಾ, ಬೇರು ಸಮೇತ ತಗೊಂಡು ಹೋಗಿ. ಅಲ್ಲಿ ಕಾರು ನಿಲ್ಲುತ್ತಂತೆ," ಎಂದರು.

ಹೈಡ್ರೇಂಜಿಯ ಈಗ ಮೊಗ್ಗಿಗೆ ಬಂದಿದೆ. ಅಮ್ಮ ಅದನ್ನು ದೊಡ್ಡತಲೆ ಎಂದು ಕರೆಯುತ್ತಿದ್ದಳಲ್ಲ, "ದೊಡ್ಡತಲೆಗೆ ನೀರು ಹಾಕಿದ್ಯೇನೇ?" ಎಂದು. ಆ ತಲೆಗಳೆಲ್ಲ ಈಗ ಹಸಿರು ಸಾಸಿವೆ ಕಾಳಿನ ಗೊಂಚಲಿನ ಹಾಗಿವೆ. ಹಸಿರು ಹೋಗಿ ಕೆನೆಬಣ್ಣ, ಆಮೇಲೆ ನಿಜವಾದ ಬಣ್ಣ, ಕೊನೆಗೆ ಮತ್ತೆ ಹಸಿರು, ತುಕ್ಕು. ಮನೆ ಬಿಡುವವರೆಗೂ ಪ್ರತಿ ಭಾನುವಾರ ಒಂದು ಫೋಟೋ ತೆಗೆಯಬೇಕೆಂದಿದ್ದೇನೆ. ನಿಲ್ಲುವ ಜಾಗಕ್ಕೆ ಒಂದು ಇಟ್ಟಿಗೆ ಹೂತಿದ್ದೇನೆ. ಮೊದಲನೆಯದು ಜೊತೆಗಿದೆ.

ಬೀಗದ ಕೈ ಕೊಡುವ ಮೊದಲು ನೀನು ಒಂದು ಸಲ ಬರಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ. ಅಮ್ಮನ ಕೋಣೆಯಲ್ಲಿ ನಾನು ಏನನ್ನೂ ಮುಟ್ಟಿಲ್ಲ.

ನಿನ್ನ ತಂಗಿ


ಮೇ ೨೪

ಪಿಟೀಲು,

ನಲವತ್ತನಾಲ್ಕು ವರ್ಷವಾದರೂ ನಿನಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ತೊಟ್ಟಿಲಲ್ಲಿ ಅತ್ತದ್ದಕ್ಕೆ ಇಟ್ಟ ಹೆಸರು, ಇರಲಿ.

ಪತ್ರ ತಲುಪಿತು. ಬರುವ ಮಾತು ಈಗ ಬೇಡ.

ಫೋಟೋ ಚೆನ್ನಾಗಿಲ್ಲ. ಹಸಿರೆಲ್ಲ ಹಳದಿಗೆ ಹೋಗಿದೆ. ಫೋನಲ್ಲಿ ತೆಗೆದಿದ್ದೀಯ. ಅದು ತನಗೆ ಸರಿ ಕಂಡ ಹಾಗೆ ಬಣ್ಣ ತಿದ್ದಿ ಕೊಡುತ್ತದೆ. ಹೂವಿನ ಪಕ್ಕ ಒಂದು ಬಿಳಿ ಹಾಳೆ ಇಟ್ಟು ತೆಗೆ. ಹಾಳೆ ಬಿಳಿಯಾಗಿ ಬಂದರೆ ಹೂವಿನ ಬಣ್ಣ ನಂಬಬಹುದು. ಹಾಳೆ ಏನಾದರೂ ಬೇರೆ ಬಣ್ಣಕ್ಕೆ ತಿರುಗಿದ್ದರೆ ಪ್ರಿಂಟ್ ಹಾಕುವವನಿಗೆ ಹೇಳಿ ಸರಿ ಮಾಡಿಸು. ಬಿಸಿಲಲ್ಲಿ ಬೇಡ. ಬೆಳಗ್ಗೆ ಏಳೂವರೆಗೆ ಆ ಗೋಡೆಗೆ ನೆರಳಿರುತ್ತದೆ. ನಾನು ಹದಿನಾರನೇ ವಯಸ್ಸಿಂದ ಅಪ್ಪನ ಜೊತೆ ಕಲರ್ ಲ್ಯಾಬಿನಲ್ಲಿ ನಿಂತವಳು, ಈಗಲೂ ಜನರ ಹಳೇ ಫೋಟೋ ರಿಪೇರಿ ಮಾಡಿಯೇ ದಿನ ಕಳೆಯುವವಳು. ಇಷ್ಟು ಹೇಳದೆ ಇರಲಾಗಲಿಲ್ಲ.

ಮೊಮ್ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ.

ಅಕ್ಕ


ಜೂನ್ ೮

ಅಕ್ಕ,

ನೀನು ಹೇಳಿದ ಹಾಗೇ ಮಾಡಿದ್ದೇನೆ. ಶಾಲೆಯ ಡ್ರಾಯಿಂಗ್ ಹಾಳೆಯನ್ನು ರಟ್ಟಿಗೆ ಅಂಟಿಸಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಟೊಂಗೆಗೆ ಸಿಕ್ಕಿಸಿದೆ. ಏಳನೇ ತರಗತಿಗೆ ಭೂಗೋಳ ಹೇಳುವವಳು ಭಾನುವಾರ ಬೆಳಗ್ಗೆ ಗಿಡಕ್ಕೆ ಕ್ಲಿಪ್ ಹಾಕಿ ಇಟ್ಟಿಗೆಯ ಮೇಲೆ ನಿಂತಿರುವುದನ್ನು ನೋಡಿ ಓನರಮ್ಮ ಗೇಟಿನ ಹೊರಗಿಂದಲೇ, "ಯಾಕಮ್ಮಾ, ಗಿಡಕ್ಕೆ ಪಾಸ್‌ಪೋರ್ಟ್ ಮಾಡಿಸ್ತಿದೀರಾ?" ಎಂದರು.

ನಾಲ್ಕು ಫೋಟೋ ಕಳಿಸಿದ್ದೇನೆ, ವಾರಕ್ಕೊಂದು. ಕೊನೆಯದನ್ನು ನೋಡು. ಬಣ್ಣ ಬಂತು! ಅಂಚಿನಿಂದ ಶುರುವಾಗಿ ಒಳಕ್ಕೆ, ಯಾರೋ ಕೆನೆಯಲ್ಲಿ ಬೆರಳದ್ದಿದ ಹಾಗೆ ಗುಲಾಬಿ. ನಮ್ಮ ಚಿಕ್ಕಂದಿನ ಅದೇ ಗುಲಾಬಿ.

ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಸಂತೋಷ ಇದು. ಎಷ್ಟೋ ವರ್ಷಗಳಿಂದ ಇದು ನೀಲಿಯೇ ಬಿಡುತ್ತಿತ್ತು. ಮಣ್ಣು ಕೆಟ್ಟಿದೆ, ನಾನು ಸರಿಯಾಗಿ ನೋಡಿಕೊಂಡಿಲ್ಲ ಎಂದು ನನಗೆ ಒಳಗೊಳಗೇ ಇತ್ತು. ಅಮ್ಮ ಹೋದ ಮೇಲೆ ಅದನ್ನಾದರೂ ಸರಿ ಮಾಡೋಣ ಎನಿಸಿತು. ಮಾಡಿದೆ.

ಸ್ಕೂಲಿಂದ ಬಂದು ಆ ಗೋಡೆಗೆ ಬೆನ್ನು ಕೊಟ್ಟು, ಹೂವಿನ ಮಧ್ಯೆ ತಲೆ ತೂರಿಸಿಕೊಂಡು ನಾವಿಬ್ಬರೂ ಪೆನ್ಸಿಲ್ ಕೆತ್ತುತ್ತಿದ್ದುದು, ಅಪ್ಪ ಲ್ಯಾಬಿನಿಂದ ಬಂದಾಗ ಅವರ ಬೆರಳಿನಿಂದ ಬರುತ್ತಿದ್ದ ಆ ಹುಳಿ ವಾಸನೆ, ಎಲ್ಲ ಈ ಗುಲಾಬಿಯ ಜೊತೆಗೇ ವಾಪಸ್ಸು ಬಂತು. ಬಾ ಅಕ್ಕ. ಇದನ್ನು ಫೋಟೋದಲ್ಲಿ ನೋಡಿದರೆ ಸಾಲದು.

ಪಿಟೀಲು


ಜೂನ್ ೧೭

ಪಿಟೀಲು,

ಏನು ಹಾಕಿದೆ ಗಿಡಕ್ಕೆ?

ಅದು ಯಾವತ್ತೂ ಗುಲಾಬಿ ಇರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಅಮ್ಮ ಅದನ್ನು ಬೆರಳುದ್ದದ ಕಡ್ಡಿಯಾಗಿ ತಂದು ನೆಟ್ಟಾಗ ಪಕ್ಕದಲ್ಲಿ ಚೊಂಬು ಹಿಡಿದು ನಿಂತವಳು ನಾನು. ಮೊದಲ ಹೂವಿನಿಂದ ನೀಲಿ. ಅಮ್ಮ ದಿನಾ ಚಹಾದ ಚರಟವನ್ನೆಲ್ಲ ಬುಡಕ್ಕೆ ಸುರಿಯುತ್ತಿದ್ದಳು, "ನೀಲಿ ಮಾಸಬಾರದು" ಎಂದು.

ಅವಳು ಇಷ್ಟಪಟ್ಟು ಉಳಿಸಿಕೊಂಡ ಬಣ್ಣ ಅದು. ಕೆಟ್ಟಿರಲಿಲ್ಲ. ಈಗ ಕೆಟ್ಟಿತು.

ಬರುವುದಕ್ಕೆ ಒಂದು ಕಾರಣವಿತ್ತು. ಅದನ್ನೂ ನೀನೇ ತೆಗೆದೆ.

ಅಕ್ಕ


ಜೂನ್ ೨೫

ಅಕ್ಕ,

ನಿನ್ನ ಪತ್ರ ಓದಿ ಎರಡು ದಿನ ಗಿಡದ ಕಡೆ ಹೋಗಲಿಲ್ಲ.

ಸುಣ್ಣ ಹಾಕಿದೆ. ಹೋದ ವರ್ಷ ಅಕ್ಟೋಬರಿನಲ್ಲಿ. ನರ್ಸರಿಯವರನ್ನು ಕೇಳಿದ್ದೆ. ಅವರು ಹೂಕುಂಡಕ್ಕೆ ಮಣ್ಣು ತುಂಬುತ್ತ ತಲೆ ಎತ್ತದೆ, "ನೀಲಿ ಬೇಡ್ವಾ? ಎಲ್ರೂ ನೀಲಿ ಬೇಕು ಅಂತ ಬರ್ತಾರೆ, ನೀವೊಬ್ರು ಉಲ್ಟಾ" ಎಂದರು. "ಮೊದ್ಲು ಗುಲಾಬಿ ಇತ್ತು," ಎಂದೆ. "ಸುಣ್ಣ ಹಾಕಿ. ಮಣ್ಣಿನ ಹುಳಿ ಮುರಿದ್ರೆ ಬಣ್ಣ ತಿರುಗುತ್ತೆ. ನಿಮಗೆ ಗೊತ್ತಿರಬೇಕಲ್ಲ, ಟೀಚರು?" ಎಂದರು. ಗೊತ್ತಿತ್ತು. ಪ್ರತಿ ವರ್ಷ ಮಣ್ಣಿನ ಪಾಠಕ್ಕೆ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಆದರೆ ನಾನು ಕಲ್ಪಿಸಿಕೊಂಡು ಮಾಡಿದ್ದಲ್ಲ ಅಕ್ಕ. ಸಾಕ್ಷಿ ಈ ಲಕೋಟೆಯಲ್ಲಿದೆ, ಆಲ್ಬಮ್ಮಿನಿಂದ ಬಿಡಿಸಿ ಕಳಿಸಿದ್ದೇನೆ. ನನಗೆ ಐದು ವರ್ಷ. ಅಮ್ಮ ಗಿಡದ ಪಕ್ಕ ಕುರ್ಚಿಯಲ್ಲಿ, ನಾನು ಅವಳ ಮೊಣಕಾಲಿಗೆ ಆತುಕೊಂಡು. ಹೂವು ಗುಲಾಬಿ. ಅಮ್ಮನ ಕೆನ್ನೆಯೂ ಗುಲಾಬಿ. ಅಪ್ಪನೇ ತೆಗೆದು, ಅಪ್ಪನೇ ಪ್ರಿಂಟ್ ಹಾಕಿದ್ದು. ಬಣ್ಣದ ವಿಷಯದಲ್ಲಿ ಅಪ್ಪ ತಪ್ಪು ಮಾಡುತ್ತಿರಲಿಲ್ಲ ಎಂದು ನೀನೇ ಎಲ್ಲರಿಗೂ ಹೇಳುತ್ತಿದ್ದೆ.

ಇನ್ನೊಂದು ವಿಚಿತ್ರ. ಗಿಡದ ಆಚೆ ಬದಿಯಲ್ಲಿ, ಕೊಳಾಯಿಯ ಕಡೆ, ಈ ವಾರ ಒಂದು ತಲೆ ನೀಲಿ ಬಿಟ್ಟಿದೆ. ಅಲ್ಲಿಗೆ ಬರುವ ಹೊತ್ತಿಗೆ ಸುಣ್ಣ ಮುಗಿದಿತ್ತು. ಒಂದೇ ಗಿಡ. ಈ ಕಡೆ ಗುಲಾಬಿ, ಆ ಕಡೆ ನೀಲಿ, ನಡುವೆ ಎರಡೂ ಅಲ್ಲದ ಒಂದು ನೇರಳೆ. ಬಿಳಿ ಹಾಳೆ ಇಟ್ಟೇ ತೆಗೆದಿದ್ದೇನೆ.

ಪಿಟೀಲು


ಜುಲೈ ೬

ಪಿಟೀಲು,

ಈ ಫೋಟೋ ನಿನ್ನ ಹತ್ತಿರ ಇದೆಯೆಂದೇ ನನಗೆ ಮರೆತಿತ್ತು. ಈಗ ಕೂತು ನಿಧಾನವಾಗಿ ಬರೆಯುತ್ತೇನೆ.

ಅಮ್ಮನನ್ನು ಬಿಡು, ಹೂವನ್ನೂ ಬಿಡು. ಹಿಂದಿನ ಗೋಡೆ ನೋಡು. ಬಿಳಿ ಸುಣ್ಣ ಬಳಿದ ಗೋಡೆ ಅದು. ಫೋಟೋದಲ್ಲಿ ಹೇಗಿದೆ? ತಂತಿಯ ಮೇಲಿನ ಬಿಳಿ ಟವೆಲ್ ಹೇಗಿದೆ? ಹಳೆಯದಾಗಿ ಕೆಂಪಿಗೆ ತಿರುಗಿದೆ ಎನ್ನುತ್ತೀಯ. ಸ್ವಲ್ಪ ಅದೂ ಇದೆ. ಆದರೆ ಹೊಸದರಲ್ಲೇ ಹೀಗಿತ್ತು. ನನಗೆ ಗೊತ್ತು, ಅದು ಹುಟ್ಟಿದಾಗ ನಾನು ಅಲ್ಲಿದ್ದೆ.

ಆ ವರ್ಷ ಅಮ್ಮ ಐದು ತಿಂಗಳು ಹಾಸಿಗೆ ಹಿಡಿದಿದ್ದಳು. ನಿನಗೆ ನೆನಪಿರುವುದಿಲ್ಲ. ನಮಗೊಬ್ಬ ತಮ್ಮ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮೊದಲ ಸಲ ಎದ್ದು ಅಂಗಳಕ್ಕೆ ಬಂದ ದಿನ ಅಪ್ಪ ಈ ಫೋಟೋ ತೆಗೆದರು. ಮಾರನೇ ದಿನ ರಜಾ ಇತ್ತು, ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ನಾನು ಕತ್ತಲೆ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದೆ.

ಮೊದಲ ಪ್ರಿಂಟ್ ಹಿಡಿದುಕೊಂಡು ಅಪ್ಪ ಕಿಟಕಿಯ ಹತ್ತಿರ ನಿಂತರು. ಹೂವು ನೀಲಿ, ಗೋಡೆ ಬಿಳಿ, ಅಮ್ಮನ ಮುಖ ಬೂದಿ. ಎಲ್ಲ ಸರಿಯಾಗಿತ್ತು. ಅಪ್ಪ ತುಂಬ ಹೊತ್ತು ನೋಡಿ ಬುಟ್ಟಿಗೆ ಹಾಕಿದರು. ಒಳಗೆ ಹೋಗಿ ಫಿಲ್ಟರ್ ತಿರುಗಿಸಿ ಕೆಂಪು ಕೂಡಿಸಿದರು. ಸಾಲಲಿಲ್ಲ. ಮತ್ತೆ ಹೋದರು. ನಾಲ್ಕನೇ ಸಲಕ್ಕೆ ಅಮ್ಮನ ಕೆನ್ನೆಗೆ ಬಣ್ಣ ಬಂತು.

"ಅಪ್ಪ, ಹೂವೆಲ್ಲ ಗುಲಾಬಿ ಆಗೋಯ್ತಲ್ಲ," ಎಂದೆ.

"ಹೋಗ್ಲಿ ಬಿಡು. ಹೂವನ್ನ ಯಾರು ಹುಷಾರಿದೀಯಾ ಅಂತ ಕೇಳ್ತಾರೆ?"

"ಆದ್ರೆ ಅಮ್ಮ ಹೀಗಿಲ್ಲ."

"ಇದನ್ನ ನೋಡಿ ಆಗ್ತಾಳೆ," ಎಂದರು. ಆಮೇಲೆ, ನನ್ನ ಕಡೆ ತಿರುಗದೆ, "ಅವಳಿಗೆ ಹೇಳ್ಬೇಡ" ಎಂದರು.

ಮನೆಗೆ ತಂದು ಕೊಟ್ಟಾಗ ಅಮ್ಮ ನಕ್ಕಳು. "ನಾನು ಇಷ್ಟು ಕೆಂಪಗೆ ಯಾವಾಗಿದ್ದೆ? ಮದುವೇಲೂ ಇರ್ಲಿಲ್ಲ!" ಎಂದಳು. ಅವಳಿಗೆ ತಿಳಿದಿತ್ತು. ಆದರೂ ಕನ್ನಡಿಯ ಪಕ್ಕ ಸಿಕ್ಕಿಸಿಕೊಂಡಳು. ನೀನು ಅದನ್ನೇ ನೋಡುತ್ತ ಬೆಳೆದೆ.

ಅಪ್ಪ ಬುಟ್ಟಿಗೆ ಹಾಕಿದ ಮೊದಲ ಪ್ರಿಂಟನ್ನು ನಾನು ಎತ್ತಿಟ್ಟುಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ. ಮೂವತ್ತೊಂಬತ್ತು ವರ್ಷ ಕಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದರಿಂದ ಬಣ್ಣ ಅಷ್ಟಾಗಿ ಹೋಗಿಲ್ಲ. ಕಳಿಸುತ್ತಿದ್ದೇನೆ. ವಾಪಸ್ಸು ಬೇಕು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಅಪ್ಪ ಮಾಡಿದ್ದು ಅಮ್ಮ ಬದುಕಲಿ ಎಂದು. ನೀನು ಹೋದ ವರ್ಷ ಮೂರು ವಾರ ಫೋನಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎಂದು ನನಗೆ ಕೆಂಪು ಕೂಡಿಸಿ ಕೊಟ್ಟಿದ್ದು ಯಾತಕ್ಕೆ?

ಅಕ್ಕ


ಜುಲೈ ೨೦

ಅಕ್ಕ,

ಪ್ರಿಂಟನ್ನು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ಅಮ್ಮನನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ ಎಂದುಕೊಂಡೆ. ಇಲ್ಲ, ಹೋದ ವರ್ಷ ಜುಲೈನಲ್ಲಿ ನೋಡಿದ್ದೆ. ಇದೇ ಬೂದಿ, ಕಣ್ಣಿನ ಕೆಳಗೆ ಇದೇ ನೆರಳು. ನಿನಗೆ ತೋರಿಸಲಿಲ್ಲ, ಅಷ್ಟೆ.

ಯಾತಕ್ಕೆ ಎಂದು ಕೇಳಿದೆ. ನನ್ನ ಹತ್ತಿರ ಒಂದು ಉತ್ತರ ತಯಾರಿದೆ, ಆ ದಿನ ಬಾಗಿಲಲ್ಲೂ ಅದನ್ನೇ ಕೊಟ್ಟಿದ್ದೆ. ನೀನು ಮಗಳ ಬಾಣಂತನಕ್ಕೆ ಹೋಗಿದ್ದೆ, ಮಗು ತೂಕವಿರಲಿಲ್ಲ, ನಿನಗೆ ಇನ್ನೊಂದು ಚಿಂತೆ ಬೇಡ ಎನಿಸಿತು. ಇದು ಸುಳ್ಳಲ್ಲ. ಆದರೆ ಇದು ಅಪ್ಪನ ನಾಲ್ಕನೇ ಪ್ರಿಂಟು. ಮೊದಲನೆಯದನ್ನು ಬರೆಯಲು ಪ್ರಯತ್ನಿಸುತ್ತೇನೆ.

ಜುಲೈ ಇಪ್ಪತ್ತಮೂರಕ್ಕೆ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, "ದೂರದಲ್ಲಿರೋರು ಯಾರಾದ್ರೂ ಇದ್ರೆ ಕರೆಸ್ಕೊಳ್ಳಿ" ಎಂದರು. ಸಂಜೆ ನಿನಗೆ ಫೋನ್ ಮಾಡಿದೆ. ನೀನು "ಅಮ್ಮ ಹೇಗಿದಾಳೇ?" ಎಂದೆ. ಹೇಳಲೆಂದೇ ಬಾಯಿ ತೆರೆದಿದ್ದೆ. "ಪರವಾಗಿಲ್ಲ ಕಣಕ್ಕ, ಇವತ್ತು ಎದ್ದು ಕೂತಿದ್ಲು," ಎಂದೆ.

ನೀನು ವರ್ಷಕ್ಕೊಮ್ಮೆ ಬಂದು ಹತ್ತು ದಿನ ಇರುತ್ತಿದ್ದೆ. ಆ ಹತ್ತು ದಿನ ಅಮ್ಮ ಬೇರೆಯವಳಾಗುತ್ತಿದ್ದಳು. ತಲೆ ಬಾಚಿಕೊಂಡು ಕೂರುತ್ತಿದ್ದಳು, ಅಪ್ಪನ ಲ್ಯಾಬಿನ ತಮಾಷೆಗಳನ್ನೆಲ್ಲ ತೆಗೆಯುತ್ತಿದ್ದಳು. ಅಡುಗೆಮನೆಯಿಂದ ನಿಮ್ಮಿಬ್ಬರ ನಗು ಕೇಳಿಸಿಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ನನಗೆ ಮತ್ತೆ ಮಾತ್ರೆ, ಮಂಡಿನೋವು, ಕಿಟಕಿ ಹಾಕು, ಕಿಟಕಿ ತೆಗೆ. ಹದಿನಾರು ವರ್ಷ ನಾನು ಅವಳ ದಿನಗಳನ್ನು ನೋಡಿಕೊಂಡೆ, ಹಬ್ಬದ ಮುಖ ನಿನಗೆ ಸಿಕ್ಕಿತು. ಕೊನೆಯದೂ ನಿನಗೇ ಸಿಗುತ್ತದೆ ಎನಿಸಿತು. ಒಂದು ವಾರ ನನ್ನೊಬ್ಬಳಿಗೆ ಇರಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ವಾರ ಎರಡಾಯಿತು. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತೀಯ ಎಂಬ ಹೆದರಿಕೆ ಹಿಡಿಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೊನೆಯ ಹತ್ತು ದಿನ ಅಮ್ಮ ಪ್ರತಿ ಸಂಜೆ ಕೇಳುತ್ತಿದ್ದಳು, "ದೊಡ್ಡೋಳು ಹೊರಟ್ಲಾ?"

"ಹೊರಟಿದಾಳೆ ಅಮ್ಮ, ದಾರೀಲಿದಾಳೆ."

ಹತ್ತು ದಿನದ ದಾರಿ ಯಾವುದು ಎಂದು ಅವಳು ಕೇಳಲಿಲ್ಲ. ಒಂದು ದಿನ ಮಾತ್ರ, "ಅವಳಿಗೆ ನನ್ನ ಸ್ಥಿತಿ ಗೊತ್ತು ತಾನೇ?" ಎಂದಳು. "ಗೊತ್ತು," ಎಂದೆ. ಅಮ್ಮ ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ನೀನು ತಿಳಿದೂ ಬರಲಿಲ್ಲ ಎಂದುಕೊಂಡೇ ಅವಳು ಹೋಗಿರಬಹುದು. ಆ ಮಾತನ್ನು ಸರಿ ಮಾಡಲು ನನಗೆ ಇನ್ನೂ ಮೂರು ದಿನ ಇತ್ತು. ಮಾಡಲಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ಅದನ್ನು ಕೇಳಿದರೆ ಮತ್ತೆ ನಿನ್ನಿಂದ ಏನನ್ನೋ ಕಿತ್ತುಕೊಂಡ ಹಾಗಾಗುತ್ತದೆ. ಬಾ ಎಂದೂ ಕೇಳುವುದಿಲ್ಲ. ಮನೆ ಸೆಪ್ಟೆಂಬರ್ ಮೂವತ್ತರವರೆಗೆ ಇರುತ್ತದೆ ಎಂದಷ್ಟೇ ತಿಳಿಸುತ್ತೇನೆ.

ನಿನ್ನ ಪ್ರಿಂಟ್ ಇದರೊಳಗೇ ಇದೆ. ಕಪ್ಪು ಕಾಗದದಲ್ಲಿ ನೀನು ಸುತ್ತಿದ ಹಾಗೇ ಸುತ್ತಿದ್ದೇನೆ.

ಪಿಟೀಲು


ಆಗಸ್ಟ್ ೧೭

ಅಕ್ಕ,

ನಾಲ್ಕು ವಾರದ ನಾಲ್ಕು ಫೋಟೋ.

ಗುಲಾಬಿಯ ಬದಿ ಮಾಸುತ್ತಿದೆ. ನೀಲಿಯ ಬದಿ ಈ ವಾರವೇ ಅತಿ ಚೆನ್ನಾಗಿರುವುದು. ಮಳೆ ಬಂದ ಮೇಲೆ ತಲೆಗಳು ಭಾರಕ್ಕೆ ನೆಲಕ್ಕೆ ಬಾಗಿವೆ, ಒಂದಕ್ಕೆ ಕೋಲು ಕೊಟ್ಟಿದ್ದೇನೆ. ಈಗ ಎರಡೂ ಕಡೆಗೆ ಚಹಾದ ಚರಟ ಹಾಕುತ್ತಿದ್ದೇನೆ. ಒಬ್ಬಳು ಕುಡಿಯುವ ಚಹಾದಲ್ಲಿ ಎಷ್ಟು ಚರಟ ಬರುತ್ತದೆ! ಶಾಲೆಯ ಸ್ಟಾಫ್ ರೂಮಿನಿಂದ ಡಬ್ಬಿಯಲ್ಲಿ ತರುತ್ತೇನೆ.

ಹದಿನಾಲ್ಕಕ್ಕೆ ಅಮ್ಮ ಹೋಗಿ ಒಂದು ವರ್ಷವಾಯಿತು. ಅವಳ ಕೋಣೆಯ ಕಿಟಕಿ ಇಡೀ ದಿನ ತೆಗೆದಿಟ್ಟಿದ್ದೆ.

ಪಿಟೀಲು


ಸೆಪ್ಟೆಂಬರ್ ೭

ಅಕ್ಕ,

ಎರಡು ಬದಿಯೂ ಈಗ ಒಂದೇ ಬಣ್ಣ. ಹಸಿರಿನೊಳಗೆ ತುಕ್ಕು. ಯಾವುದು ಗುಲಾಬಿ ಇತ್ತು, ಯಾವುದು ನೀಲಿ ಇತ್ತು ಎಂದು ಹಿಂದಿನ ಫೋಟೋ ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಇದು ಕೊನೆಯ ಫೋಟೋ.

ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿದೆ. ಪಾತ್ರೆ, ಪುಸ್ತಕ ಕಟ್ಟಿದ್ದೇನೆ. ಅಮ್ಮನ ಕೋಣೆ ಕಟ್ಟಿಲ್ಲ. ನಿನಗೆ ಯಾವುದು ಬೇಕೆಂದು ಒಂದು ಕಾರ್ಡಿನಲ್ಲಿ ಬರೆದರೆ ಪಾರ್ಸೆಲ್ ಮಾಡುತ್ತೇನೆ. ನೀನು ಬರೆಯದಿದ್ದರೂ ಅರ್ಥವಾಗುತ್ತದೆ.

ಪಿಟೀಲು


ಸೆಪ್ಟೆಂಬರ್ ೧೫

ಪಿಟೀಲು,

ನಿನ್ನ ಜುಲೈ ತಿಂಗಳ ಪತ್ರವನ್ನು ಮೇಜಿನ ಡ್ರಾಯರಿನಲ್ಲಿ ಮುಖ ಅಡಿ ಮಾಡಿ ಇಟ್ಟಿದ್ದೆ. ಒಂದು ತಿಂಗಳು ನಿನ್ನ ಮೇಲಿನ ಸಿಟ್ಟಿಗೆ ಕೆಲಸ ಕೆಟ್ಟಿತು. ಯಾರದೋ ಅಜ್ಜನ ಫೋಟೋದಲ್ಲಿ ಕಿವಿಯನ್ನೇ ಅಳಿಸಿಬಿಟ್ಟೆ. ಅವರು ಬಂದು, "ಕಿವಿ ಎಲ್ಲಿ ಮೇಡಂ?" ಎಂದು ಕೇಳಿದಾಗ ನಗು ಬಂತು, ಆಮೇಲೆ ಬಾತ್ರೂಮಿಗೆ ಹೋಗಿ ಅತ್ತೆ.

ಅಮ್ಮ ಹಾಗೆ ಕೇಳಿದಳು ಎಂಬುದನ್ನು ನೀನು ಬರೆಯದೆ ಇರಬಹುದಿತ್ತು. ಬರೆದೆ. ಅದರ ಜೊತೆ ನಾನು ಹೇಗೆ ಇರಬೇಕೋ ಇನ್ನೂ ಕಲಿತಿಲ್ಲ.

ಈಗ ನನ್ನದು. ಮೂವತ್ತೈದು ವರ್ಷ ಬಣ್ಣದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಹುಡುಕಿ ಬದುಕಿದವಳು ನಾನು. "ಪರವಾಗಿಲ್ಲ ಕಣಕ್ಕ" ಎಂದಾಗ ನಿನ್ನ ದನಿ ಸರಿಯಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಮಡಿಲಲ್ಲಿ ಮಗು ಮಲಗಿತ್ತು. ಅಲುಗಾಡಿದರೆ ಏಳುತ್ತಿತ್ತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ನಾನು ಕೇಳಲಿಲ್ಲ. ಇಡೀ ತಪ್ಪನ್ನು ನಿನ್ನ ತಲೆಗೆ ಕಟ್ಟಿ ಒಂದು ವರ್ಷ ಹಗುರವಾಗಿ ಓಡಾಡಿದೆ.

ಶನಿವಾರದ ರೈಲಿಗೆ ಹೊರಡುತ್ತಿದ್ದೇನೆ, ಭಾನುವಾರ ಬೆಳಗ್ಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ಅಲ್ಲಿ ಜನರ ಮುಂದೆ ನನಗಾಗುವುದಿಲ್ಲ. ಗಿಡವನ್ನು ನಾನೇ ಅಗೆಯುತ್ತೇನೆ, ನೀನು ಗುದ್ದಲಿ ಹಿಡಿದರೆ ಬೇರು ಉಳಿಯುವುದಿಲ್ಲ. ಒಂದು ದೊಡ್ಡ ಗೋಣಿಚೀಲ ಒದ್ದೆ ಮಾಡಿ ಇಟ್ಟಿರು.

ಬಾಗಿಲು ತೆಗೆದ ತಕ್ಷಣ ನಾನು ನಿನಗೆ ಬೈಯುತ್ತೇನೆ. ಎಷ್ಟು ಹೊತ್ತು ಎಂದು ಹೇಳಲಾರೆ. ಅದು ಮುಗಿಯುವವರೆಗೂ ನಡುವೆ ಬಾಯಿ ಹಾಕಬೇಡ, ಕಾಫಿ ಮಾಡುತ್ತೇನೆ ಎಂದು ಒಳಗೆ ಓಡಬೇಡ. ಆಮೇಲೆ ನನ್ನನ್ನು ಅಮ್ಮನ ಕೋಣೆಗೆ ಕರೆದುಕೊಂಡು ಹೋಗಿ, ಆ ಹತ್ತು ದಿನ ಅವಳು ಯಾವ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು ಎಂದು ತೋರಿಸು. ನಾನು ಅಲ್ಲಿ ಸ್ವಲ್ಪ ಹೊತ್ತು ಮಲಗಬೇಕು. ನೀನು ಎಲ್ಲಿ ಕೂರುತ್ತಿದ್ದೆಯೋ ಅಲ್ಲೇ ಕೂತಿರು.

ಅಕ್ಕ